ಹೆಸರಿಲ್ಲದ ಕಾಯಿಲೆಗೆ ಕಾಲಂ ಇಲ್ಲ

ನವೆಂಬರ್ ಬಂತೆಂದರೆ ನನ್ನ ಅಂಗಡಿಯಲ್ಲಿ ಮುದುಕರ ಜಾತ್ರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಬೆರಳಚ್ಚು ತಗೊಳ್ಳುವ ಒಂದು ಪುಟ್ಟ ಡಬ್ಬಿ. ಪಿಂಚಣಿ ತಗೊಳ್ಳುವವರೆಲ್ಲ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಸರ್ಕಾರಕ್ಕೆ ಹೇಳಬೇಕಲ್ವಾ, ಆ ಜೀವನ ಪ್ರಮಾಣ ಪತ್ರ ಮಾಡಿಸಲು ಬರುತ್ತಾರೆ. ಮೇಷ್ಟ್ರು, ಲೈನ್‌ಮನ್, ರೈಲ್ವೆಯವರು, ಜೊತೆಗೆ ನಮ್ಮ ಕಡೆಯ ಮಿಲ್ಟ್ರಿ ಮಂದಿ. ಮಿಲ್ಟ್ರಿಯವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಸಾಲು ಇಲ್ಲದ ಕಡೆಯೂ ಸಾಲಿನಲ್ಲಿ ನಿಲ್ಲುತ್ತಾರೆ.

ನನ್ನ ಕಾಕಾ ಕೂಡ ಬರುತ್ತಾರೆ. ಅವರ ಪ್ರಮಾಣ ಪತ್ರಕ್ಕೆ ನನಗೆ ಅರ್ಧ ಗಂಟೆ ಬೇಕು. ಕೈ ನಡುಗುತ್ತದೆ. ಹೆಬ್ಬೆಟ್ಟು ಡಬ್ಬಿಯ ಗಾಜಿನ ಮೇಲೆ ನಿಲ್ಲುವುದಿಲ್ಲ. ಮೊದಲೆಲ್ಲ ಅವರ ಮಣಿಕಟ್ಟು ನಾನು ಗಟ್ಟಿ ಹಿಡಿದುಕೊಂಡು ಒತ್ತಿಸುತ್ತಿದ್ದೆ. ಈಗ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿದರೂ ಆಗುತ್ತದೆ, ಪುಣ್ಯ. ಕಣ್ಣು ಮಿಟುಕಿಸಿ ಅಂತ ಮೊಬೈಲ್ ಕೇಳುತ್ತದೆ. ಕಾಕಾ ಮಿಟುಕಿಸುತ್ತಾರೆ. ಬದುಕಿದ್ದಾರೆ ಅಂತ ಸರ್ಕಾರ ನಂಬುತ್ತದೆ.

ಅವರು ಬದುಕಿರುವುದನ್ನು ನಂಬುವ ಸರ್ಕಾರ ಅವರಿಗೆ ಕಾಯಿಲೆ ಇರುವುದನ್ನು ಮಾತ್ರ ಇಪ್ಪತ್ತು ವರ್ಷದಿಂದ ನಂಬಿಲ್ಲ. ಅದನ್ನೇ ಇವತ್ತು ಬರೆಯಬೇಕು ಅಂತ ಕೂತಿದ್ದೇನೆ.

ಕಾಕಾ ಆಳಂದ ತಾಲೂಕಿನ ನಮ್ಮ ಹಳ್ಳಿಯಿಂದ 1983ರಲ್ಲಿ ಸೈನ್ಯ ಸೇರಿದರು. ಆಗ ಹದಿನೆಂಟು ವರ್ಷ. ಆ ವರ್ಷ ತೊಗರಿ ಕೈಕೊಟ್ಟಿತ್ತು, ಮನೆಯಲ್ಲಿ ಬಾಯಿಗಳು ಜಾಸ್ತಿ ಇದ್ದವು, ಇನ್ನೇನೂ ದೊಡ್ಡ ಕಾರಣ ಇರಲಿಲ್ಲ. ಬೆಂಗಳೂರಿನ ಹಲಸೂರು ಕೆರೆ ದಂಡೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ತರಬೇತಿ. ಅಲ್ಲಿಯವರನ್ನು ಸೈನ್ಯದಲ್ಲೆಲ್ಲ 'ತಂಬಿ' ಅಂತ ಕರೆಯುತ್ತಾರಂತೆ. ಜೋಳದ ರೊಟ್ಟಿ ತಿಂದು ಬೆಳೆದ ಆಳಂದದ ಹುಡುಗ ತಂಬಿಯಾದ ಕಥೆಯನ್ನು ಕಾಕಾ ಈಗಲೂ ನಗುತ್ತಾ ಹೇಳುತ್ತಾರೆ. ಆಮೇಲೆ ಸಿಯಾಚಿನ್. 1984ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ಆ ಹಿಮನದಿಯ ಮೇಲೆ ಹತ್ತಿತಲ್ಲ, ಅದಾಗಿ ಹತ್ತು ವರ್ಷಕ್ಕೆ ಇವರ ಪಾಳಿ ಬಂತು. ಹೆಲಿಪ್ಯಾಡ್ ಮಟ್ಟ ಮಾಡುವುದು, ಹಗ್ಗ ಕಟ್ಟುವುದು, ಸಾಮಾನು ಹೊರುವುದು. ಡೇರೆಯೊಳಗೆ ಹಗಲು ರಾತ್ರಿ ಸೀಮೆಎಣ್ಣೆ ಬುಖಾರಿ, ಅಂದರೆ ಬೆಚ್ಚಗಿಡುವ ಒಲೆ. "ಉಗುಳಿದ್ರ ಕರ್ರಗ ಬರ್ತಿತ್ತು ತಮ್ಮಾ, ಇಂಜಿನ್ ಆಯಿಲ್ ಇದ್ದಂಗ" ಅಂತಾರೆ.

ಅಲ್ಲಿಂದ ಇಳಿದ ಮೇಲೆ ತಲೆನೋವು ಶುರುವಾಯಿತು. ಆಮೇಲೆ ಕೀಲುನೋವು. ಅಂಗಾಲು ಉರಿ. ನಿದ್ದೆ ಇಲ್ಲ. ಹೇಳಿದ್ದು ಮರೆಯುವುದು. ರಜೆಗೆ ಬಂದಾಗ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದು, ಆಳಂದ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಮರೆತು ಒಂದು ತಾಸು ನಿಂತಿದ್ದರಂತೆ. ಇದನ್ನು ಚಿಗವ್ವ ಹೇಳಿದ್ದು. ಕಾಕಾ ಒಪ್ಪುವುದಿಲ್ಲ.

ಯೂನಿಟ್ಟಿನಲ್ಲಿ ಇದನ್ನು ಅವರು ಯಾರಿಗೂ ಹೇಳಲಿಲ್ಲ. ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಸೈನ್ಯದಲ್ಲಿ ಪ್ರತಿಯೊಬ್ಬನಿಗೂ ಒಂದು ಮೆಡಿಕಲ್ ಕೆಟಗರಿ ಇರುತ್ತದೆ. 'ಶೇಪ್ ಒನ್' ಅಂದರೆ ಪೂರ್ತಿ ಫಿಟ್. ಅದರಿಂದ ಇಳಿದರೆ 'ಎಲ್‌ಎಂಸಿ', ಲೋ ಮೆಡಿಕಲ್ ಕೆಟಗರಿ. ಎಲ್‌ಎಂಸಿ ಆದರೆ ಬಡ್ತಿಗೆ ಕುತ್ತು, ಜೊತೆಯವರ ಕಣ್ಣಲ್ಲಿ ಸಣ್ಣವನಾಗುತ್ತಾನೆ. ಹವಾಲ್ದಾರ ಪಟ್ಟಿಗೆ ಕಾಯುತ್ತಿದ್ದವರು ತಲೆನೋವು ಅಂತ ಹೋಗಿ ಸಿಕ್ ರಿಪೋರ್ಟ್ ಮಾಡುತ್ತಾರಾ? ಗುಳಿಗೆ ನುಂಗಿ ಸುಮ್ನಿದ್ದರು. ಆ ಸುಮ್ನಿದ್ದ ವರ್ಷಗಳೇ ಆಮೇಲೆ ಅವರ ವಿರುದ್ಧ ಸಾಕ್ಷಿಯಾದವು. ದಾಖಲೆ ಎಲ್ಲಿದೆ ಅಂತ ಕೇಳಿದರು.

2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು. ಆಪರೇಷನ್ ಪರಾಕ್ರಮ್ ಅಂತ ಸೈನ್ಯವೆಲ್ಲ ಗಡಿಗೆ ಹೋಗಿ ಸುಮಾರು ಹತ್ತು ತಿಂಗಳು ಕೂತಿತು. ಯುದ್ಧ ಆಗಲಿಲ್ಲ. ಆದರೆ ನೆಲಬಾಂಬ್ ಹೂಳಿದ್ದು ಲಕ್ಷಗಟ್ಟಲೆ. ಹೂಳಿದ್ದನ್ನೆಲ್ಲ ಆಮೇಲೆ ತೆಗೆಯಬೇಕಲ್ವಾ, ಆ ಕೆಲಸ ಎಂಜಿನಿಯರ್ ಪಡೆಯದು. ಕಾಕಾ ರಾಜಸ್ಥಾನದಲ್ಲಿದ್ದರು. ಆ ದಿನಗಳ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು. "ಕೈ ನಡುಗಬಾರದು ಅಂತ ಕೈಗೇ ಹೇಳ್ತಿದ್ದೆ." ಈಗ ಆ ಕೈ ನಡುಗುತ್ತದೆ. ಇವೆರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳಿದರೆ ಅದು ಕಥೆ ಕಟ್ಟಿದಂತೆ ಆಗುತ್ತದೆ. ಇಲ್ಲ ಅಂತ ಅಷ್ಟು ಖಡಕ್ಕಾಗಿ ಹೇಳುವ ಹಕ್ಕು ಡಾಕ್ಟರಿಗೂ ಇಲ್ಲ ಅಂತ ನನ್ನ ವಾದ.

2003ರಲ್ಲಿ ಇಪ್ಪತ್ತು ವರ್ಷ ಮುಗಿದು ಬಿಡುಗಡೆ. ಬಿಡುವಾಗ ಎಲ್ಲರಿಗೂ ಮೆಡಿಕಲ್ ಬೋರ್ಡ್, ಅಂದರೆ ಸೈನ್ಯದ ಡಾಕ್ಟರುಗಳ ಪರೀಕ್ಷೆ ಇರುತ್ತದೆ. ಆ ಹೊತ್ತಿಗೆ ಕಾಕಾ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಐದು ವಾರ ಮಲಗಿ ಎದ್ದಿದ್ದರು. ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್, ತಲೆಯ ಸ್ಕ್ಯಾನ್ ನಾರ್ಮಲ್. ಎಲ್ಲ ನಾರ್ಮಲ್ ಇದ್ದರೂ ಮನುಷ್ಯ ಮಾತ್ರ ನಾರ್ಮಲ್ ಇಲ್ಲ. ಹಾಗಾದಾಗ ಏನು ಬರೆಯುತ್ತಾರೆ? 'ನ್ಯೂರೋಸಿಸ್' ಅಂತ ಬರೆದರು, ಅಂದರೆ ಮನಸ್ಸಿನ ಬೇನೆ. ಅಂಗವೈಕಲ್ಯ 15ರಿಂದ 19 ಪ್ರತಿಶತ. ಕಾರಣದ ಜಾಗದಲ್ಲಿ: ಕಾನ್‌ಸ್ಟಿಟ್ಯೂಷನಲ್ ಡಿಸಾರ್ಡರ್, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.

ಈ ಕೊನೆಯ ಸಾಲು ಮಾಜಿ ಸೈನಿಕರ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಇಂಗ್ಲಿಷ್‌ನಲ್ಲಿ ಅದರ ಮೊದಲಕ್ಷರ ಸೇರಿಸಿ 'ನಾನಾ' ಅಂತಾರೆ. ನಾನಾ ಬಂತಾ, ಮುಗೀತು. ಕಾನ್‌ಸ್ಟಿಟ್ಯೂಷನಲ್ ಅಂದರೆ ಹುಟ್ಟಿನಿಂದಲೇ ನಿನ್ನ ಮೈಕಟ್ಟಿನಲ್ಲಿ ಇದ್ದದ್ದು ಅಂತ. ನಾನು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ದಿನ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ತಗೊಳ್ಳೋವಾಗ ಹಲ್ಲು ಎಣಿಸಿ ತಗೊಂಡ್ರಪ್ಪ, ಎತ್ತಿಗಿ ನೋಡಿದಂಗ. ಬಿಡೋವಾಗ ನೀ ಮೊದಲಿಂದ ಹಿಂಗೇ ಅದಿ ಅಂದ್ರು."

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕಾಕಾನ ಕಾಲದವರ ನಿಯಮದಲ್ಲಿ ಅಂಗವೈಕಲ್ಯ ಪಿಂಚಣಿ ಸಿಗಲು ಕಾಯಿಲೆ ಸೇವೆಗೆ ಸಂಬಂಧಿಸಿರಬೇಕು, ಜೊತೆಗೆ ಕನಿಷ್ಠ 20 ಪ್ರತಿಶತ ಇರಬೇಕು. 20 ಬಂದರೆ ಅದನ್ನು 50 ಅಂತ ಹಿಡಿಯುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದನ್ನು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಅಂದರೆ 20 ಬಂದವನಿಗೆ 50ರ ಲೆಕ್ಕ, 19 ಬಂದವನಿಗೆ ಸೊನ್ನೆ. ತೂಕದ ಕಲ್ಲಿಟ್ಟು ತೊಗರಿ ತೂಗುವ ನಮ್ಮ ಗಂಜ್ ಮಾರುಕಟ್ಟೆಯ ದಲಾಲಿ ಕೂಡ ಇಷ್ಟು ನಿರ್ದಯನಲ್ಲ. ತಲೆನೋವಿನ ಹತ್ತೊಂಬತ್ತು ಯಾವುದು, ಇಪ್ಪತ್ತು ಯಾವುದು, ಯಾವ ತಕ್ಕಡಿಯಲ್ಲಿ ತೂಗಿದರೋ.

ಈ ಕಾಗದ ಹದಿಮೂರು ವರ್ಷ ಚಿಗವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ನ್ಯೂರೋಸಿಸ್ ಅಂದರೆ ಏನು ಅಂತ ಅವಳು ಆಳಂದದಲ್ಲಿ ಯಾರನ್ನೋ ಕೇಳಿದ್ದಾಳೆ. "ತಲೆ ಕೆಟ್ಟದ್ದು" ಅಂದಿದ್ದಾರೆ. ಹೆಣ್ಣುಮಕ್ಕಳ ಮದುವೆ ಆಗಬೇಕು. ಮುಚ್ಚಿಟ್ಟಳು. ಕಾಕಾ ಕಲಬುರಗಿಗೆ ಬಂದು ಬ್ಯಾಂಕಿನ ಎಟಿಎಂ ಕಾವಲಿಗೆ ಸೇರಿದರು, ರಾತ್ರಿ ಪಾಳಿಯನ್ನೇ ಕೇಳಿ ತಗೊಂಡರು. "ಹೆಂಗೂ ನಿದ್ದಿ ಬರಂಗಿಲ್ಲ, ರೊಕ್ಕಾನರ ಬರ್ಲಿ." ಊರವರಿಗೆ ಮಿಲ್ಟ್ರಿ ಕಾಕಾ ಅಂದರೆ ಕ್ಯಾಂಟೀನಿನ ರಮ್ಮು. ಅದು ಬಿಟ್ಟು ಬೇರೆ ಏನನ್ನೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

2016ರಲ್ಲಿ ಕೊನೆಯ ಮಗಳ ಮದುವೆ ಆಯಿತು. ಮರುವಾರ ಚಿಗವ್ವ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು. "ಇದರಾಗ ಏನ್ ಬರದಾರ ಪೂರಾ ಓದಿ ಹೇಳು. ಇನ್ನ ನಂಗ ಯಾರ ಅಂಜಿಕಿನೂ ಇಲ್ಲ."

ಅವತ್ತು ರಾತ್ರಿ ಅಂಗಡಿ ಶಟರ್ ಅರ್ಧ ಇಳಿಸಿ ಕಂಪ್ಯೂಟರ್ ಮುಂದೆ ಕೂತೆ. ಕಾಕಾನ ಲಕ್ಷಣಗಳನ್ನು ಒಂದೊಂದಾಗಿ ಟೈಪ್ ಮಾಡಿ, ಕೊನೆಗೆ ಸೋಲ್ಜರ್ ಅಂತ ಸೇರಿಸಿ ಹುಡುಕಿದೆ. ಸಾಲು ಸಾಲಾಗಿ ಬಂದದ್ದು ಗಲ್ಫ್ ಯುದ್ಧ.

ನಮ್ಮ ಕಡೆ ಗಲ್ಫ್ ಅಂದರೆ ಬೇರೆ. ಡ್ರೈವರ್ ಕೆಲಸ, ಮೇಸ್ತ್ರಿ ಕೆಲಸ, ವೀಸಾ ಏಜೆಂಟ್, ಬರುವಾಗ ಕಂಬಳಿ ಮತ್ತು ಸೆಂಟು. 1990ರಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿದಾಗ ನಮ್ಮ ಓಣಿಯ ಒಬ್ಬರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ವಿಮಾನದಲ್ಲಿ ತಂದರಲ್ಲ, ಅದರಲ್ಲಿ ಅವರೂ ಬಂದರು. ಆ ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಕುವೈತ್ ಬಿಡಿಸಲು ಅಲ್ಲಿ ಹೋರಾಡಿದ ಅಮೆರಿಕದ ಸುಮಾರು 7 ಲಕ್ಷ ಸೈನಿಕರಲ್ಲಿ ಸಾವಿರಾರು ಜನ ಊರಿಗೆ ಮರಳಿದ ಮೇಲೆ ಕಾಕಾನ ಹಾಗೆಯೇ ಆಗಿದ್ದರು ಅಂತ ಗೊತ್ತಿರಲಿಲ್ಲ. ದಣಿವು, ಕೀಲುನೋವು, ತಲೆನೋವು, ಮರೆವು, ನಿದ್ದೆಗೇಡು, ಹೊಟ್ಟೆ ಕೆಡುವುದು, ಮೈಮೇಲೆ ಗಂದೆ. ಟೆಸ್ಟ್ ಮಾಡಿದರೆ ಎಲ್ಲ ನಾರ್ಮಲ್.

ಅವರ ಸರ್ಕಾರ ಏನು ಮಾಡಿತು ಅನ್ನುವುದನ್ನು ನಾನು ಮೂರ್ನಾಲ್ಕು ರಾತ್ರಿ ಓದಿದೆ. ಮೊದಲು ಮನಸ್ಸಿನ ಒತ್ತಡ ಅಂದರು. ಅಧ್ಯಕ್ಷ ಕ್ಲಿಂಟನ್ 1995ರಲ್ಲಿ ಒಂದು ಸಮಿತಿ ಮಾಡಿದರು, ಅದು ಕೂಡ ಒತ್ತಡ ಮುಖ್ಯ ಕಾರಣಗಳಲ್ಲಿ ಒಂದಿರಬಹುದು ಅಂತಲೇ ವರದಿ ಕೊಟ್ಟಿತು. ನಮ್ಮ ನ್ಯೂರೋಸಿಸ್‌ನ ಅಣ್ಣ. ಅಷ್ಟರಲ್ಲಿ ಖಮಿಸಿಯಾ ಅನ್ನುವ ಊರಿನ ಹೆಸರು ಹೊರಬಂತು. 1991ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರೇ ಅಲ್ಲಿನ ಇರಾಕಿ ಮದ್ದುಗುಂಡಿನ ಗೋದಾಮನ್ನು ಸ್ಫೋಟಿಸಿದ್ದರು. ಒಳಗೆ ಸರಿನ್ ಅನ್ನುವ ನರವಿಷ ತುಂಬಿದ ರಾಕೆಟ್‌ಗಳಿದ್ದವು. ಇದನ್ನು ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 1996ರ ಜೂನ್‌ನಲ್ಲಿ. ವಿಷಗಾಳಿ ತಾಗಿರಬಹುದಾದವರು ಮೊದಲು 300ರಿಂದ 400 ಜನ ಅಂದರು. ಅದೇ ವರ್ಷ 5 ಸಾವಿರ ಆಯಿತು, ಆಮೇಲೆ 20 ಸಾವಿರ. ಮರುವರ್ಷ ಹತ್ತಿರ ಹತ್ತಿರ 1 ಲಕ್ಷ. ಸ್ಫೋಟಿಸಿದವರು ಎಂಜಿನಿಯರ್ ಪಡೆಯವರು. ಅಂದರೆ ಕಾಕಾನ ಜಾತಿಯವರೇ ಅನ್ನಿ.

ಗುಳಿಗೆಯ ಕಥೆ ಇನ್ನೊಂದು. ನರವಿಷದಿಂದ ಕಾಪಾಡುತ್ತದೆ ಅಂತ ಪಿರಿಡೋಸ್ಟಿಗ್ಮೈನ್ ಅನ್ನುವ ಮಾತ್ರೆಯನ್ನು ಎಂಟು ತಾಸಿಗೊಂದರಂತೆ ನುಂಗಿಸಿದ್ದರು. ಸೈನಿಕನ ಒಪ್ಪಿಗೆ ಕೇಳಬೇಕಿಲ್ಲ ಅಂತ ಮೊದಲೇ ನಿಯಮ ಸಡಿಲ ಮಾಡಿಸಿಕೊಂಡಿದ್ದರು. 2008ರಲ್ಲಿ ಸರ್ಕಾರದ್ದೇ ಸಂಶೋಧನಾ ಸಲಹಾ ಸಮಿತಿ ದೊಡ್ಡ ವರದಿ ಕೊಟ್ಟಿತು. ಈ ಕಾಯಿಲೆ ನಿಜ, ಹೋದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇದೆ, ಆ ಮಾತ್ರೆಗೂ ಕೀಟನಾಶಕಗಳಿಗೂ ಸಂಬಂಧ ಇದೆ, ಒತ್ತಡ ಕಾರಣವಲ್ಲ ಅಂತ. ಯುದ್ಧ ಮುಗಿದು ಹದಿನೇಳು ವರ್ಷಕ್ಕೆ. ಬ್ರಿಟನ್ನಿನಲ್ಲಂತೂ 2004ರಲ್ಲಿ ಲಾರ್ಡ್ ಲಾಯ್ಡ್ ಅನ್ನುವ ನಿವೃತ್ತ ನ್ಯಾಯಾಧೀಶರು ಸ್ವತಂತ್ರ ವಿಚಾರಣೆ ನಡೆಸಿದರೆ ಅಲ್ಲಿನ ರಕ್ಷಣಾ ಇಲಾಖೆ ಆ ಕಡೆ ತಲೆಯನ್ನೇ ಹಾಕಲಿಲ್ಲ.

ಇದೆಲ್ಲ ಓದುವಾಗ ನನಗೆ ಹೊಟ್ಟೆಕಿಚ್ಚಾದದ್ದು ಒಂದೇ ವಿಷಯಕ್ಕೆ. 1994ರಲ್ಲಿ, ಕಾರಣ ಏನು ಅಂತ ಯಾರಿಗೂ ಗೊತ್ತಿಲ್ಲದಾಗಲೇ, ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿತು. ಗಲ್ಫ್‌ಗೆ ಹೋಗಿ ಬಂದವನಿಗೆ ಗುರುತು ಹಿಡಿಯಲಾಗದ ಕಾಯಿಲೆ ಇದ್ದರೆ, ಹೆಸರಿಲ್ಲದಿದ್ದರೂ ಪರಿಹಾರ ಕೊಡಬಹುದು ಅಂತ. ಹೆಸರಿಲ್ಲದಿದ್ದರೂ! ನಾನು ದಿನಕ್ಕೆ ನೂರು ಅರ್ಜಿ ತುಂಬುವವನು. ಕಾಲಂ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಕೆಂಪು ಚುಕ್ಕೆ ತೋರಿಸುತ್ತದೆ. ಅಲ್ಲಿ ಕಾಲಂ ಖಾಲಿ ಇದ್ದರೂ ನಡೆಯುತ್ತದೆ ಅಂತ ಕಾನೂನೇ ಬರೆದಿದ್ದರು.

ಆದರೆ ಪೂರ್ತಿ ಓದಬೇಕು ನೋಡಿ. 2017ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಈ ಕಾಯಿದೆ ಹೇಗೆ ನಡೆದಿದೆ ಅಂತ ಪರೀಕ್ಷೆ ಮಾಡಿದರು. ಗಲ್ಫ್ ಕಾಯಿಲೆಯ ಕೋರಿಕೆಗಳಲ್ಲಿ ಒಪ್ಪಿಗೆಯಾದದ್ದು 17 ಪ್ರತಿಶತ. ಬೇರೆ ಕಾಯಿಲೆಗಳಲ್ಲಿ 57. ಕಾಯಿದೆ ಇದೆ, ಮೇಜಿನ ಹಿಂದೆ ಕೂತ ಹೆಚ್ಚಿನವರಿಗೆ ಅದನ್ನು ಹೇಗೆ ನೋಡಬೇಕು ಅಂತ ಕಲಿಸಿರಲಿಲ್ಲ. ಪರೀಕ್ಷೆ ಮಾಡುವ ಡಾಕ್ಟರು ಅಭ್ಯಾಸದಂತೆ ಹೆಸರು ಕೇಳುತ್ತಾರೆ. ಹೆಸರು ಸಿಗದಿದ್ದರೆ ಇಲ್ಲ ಅಂತ ಬರೆಯುತ್ತಾರೆ. ಇದನ್ನು ಓದಿ ಹೊಟ್ಟೆಕಿಚ್ಚು ಹೋಯಿತು. ನಮ್ಮ ಮಿನಿ ವಿಧಾನಸೌಧದ ಮುಂದೆ ಇಪ್ಪತ್ತು ವರ್ಷ ಅರ್ಜಿ ಬರೆದವನಿಗೆ ಇದು ಅರ್ಥವಾಗದೇ ಇರುತ್ತದಾ? ಆದೇಶ ಒಂದು, ಟೇಬಲ್ ಇನ್ನೊಂದು.

ಯಾಕಂದರೆ ನಮ್ಮಲ್ಲೂ ಕಾಗದದ ಮೇಲೆ ನಿಯಮ ಕೆಟ್ಟದ್ದಿರಲಿಲ್ಲ. ಸೈನಿಕರ ಪಿಂಚಣಿಯ 1982ರ ನಿಯಮಗಳಲ್ಲೇ ಅನುಮಾನ ಬಂದರೆ ಅದರ ಲಾಭ ಸೈನಿಕನಿಗೆ ಸಿಗಬೇಕು ಅಂತಿತ್ತು. ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಅದನ್ನು ಬಿಡಿಸಿ ಹೇಳಿತು. ಧರಮ್‌ವೀರ್ 1985ರಲ್ಲಿ ಸೈನ್ಯದ ಸಿಗ್ನಲ್ಸ್ ದಳ ಸೇರಿದವರು. 1994ರಲ್ಲಿ ಮೂರ್ಛೆ ರೋಗ ಅಂತ ಮನೆಗೆ ಕಳಿಸಿದರು, 20 ಪ್ರತಿಶತ, ಮತ್ತೆ ಅದೇ ಮಂತ್ರ: ಕಾನ್‌ಸ್ಟಿಟ್ಯೂಷನಲ್, ಸೇವೆಗೆ ಸಂಬಂಧವಿಲ್ಲ. ಕೋರ್ಟ್ ಏನಂತು ಗೊತ್ತಾ? ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿರದಿದ್ದರೆ ಅವನು ಆರೋಗ್ಯವಾಗಿಯೇ ಬಂದ ಅಂತ ಹಿಡಿಯಬೇಕು. ಆಮೇಲೆ ಕೆಟ್ಟಿದ್ದರೆ ಅದು ಸೇವೆಯಿಂದ ಅಂತ ಹಿಡಿಯಬೇಕು. ಅಲ್ಲ ಅನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊರೆ ಸೈನಿಕನದಲ್ಲ.

ನಾನು ಇದನ್ನು ಪ್ರಿಂಟ್ ತೆಗೆದು ಕಾಕಾಗೆ ಓದಿ ಹೇಳಿದೆ. ಹಲ್ಲು ಎಣಿಸಿದ ಮಾತನ್ನೇ ನ್ಯಾಯಾಧೀಶರು ಬೇರೆ ರೀತಿ ಹೇಳಿದ್ದಾರಲ್ವಾ!

ಇಷ್ಟೆಲ್ಲ ಇದ್ದರೂ ನಮ್ಮ ಮೊದಲ ಮೇಲ್ಮನವಿ ತಡವಾಯಿತು ಅಂತ ವಾಪಸ್ ಬಂತು. ಆರು ತಿಂಗಳಲ್ಲಿ ಹಾಕಬೇಕಿತ್ತಂತೆ, ನಾವು ಹದಿಮೂರು ವರ್ಷ ಬಿಟ್ಟು ಹಾಕಿದ್ದೆವು. ಎರಡನೆಯದಕ್ಕೆ ಉತ್ತರವೇ ಇಲ್ಲ. ನಮ್ಮೂರಲ್ಲೇ ಹೈಕೋರ್ಟ್ ಪೀಠ ಇದೆ, ಆದರೆ ಸೈನಿಕರ ಪಿಂಚಣಿ ತಕರಾರು ಹೋಗಬೇಕಾದದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ, ಅದು ಇಲ್ಲಿಲ್ಲ. ವಕೀಲರನ್ನು ಹುಡುಕಿ 2022ರಲ್ಲಿ ಕೇಸು ಹಾಕಿಸಿದೆವು. ಗೆದ್ದರೂ ಹಿಂಬಾಕಿ ಸಾಮಾನ್ಯವಾಗಿ ಕೇಸು ಹಾಕಿದ ದಿನಕ್ಕಿಂತ ಮೂರು ವರ್ಷ ಹಿಂದಿನಿಂದ ಮಾತ್ರ. ಉಳಿದ ವರ್ಷ ಟ್ರಂಕಿನಲ್ಲಿ ಹೋಯಿತು. ಚಿಗವ್ವನಿಗೆ ಈ ಮೂರು ವರ್ಷದ ವಿಷಯ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು ಕಡೆಯದನ್ನೂ ಹೇಳಿಬಿಡುತ್ತೇನೆ. ಅಂಗವೈಕಲ್ಯ ಪಿಂಚಣಿಯಲ್ಲಿ ಆಟ ಆಡುವವರಿಲ್ಲ ಅಂತಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವಾಗ ಸರಿಯಾಗಿ ಬಿಪಿ ಏರಿಸಿಕೊಳ್ಳುವವರ ಕಥೆಯನ್ನು ಮಾಜಿ ಸೈನಿಕರೇ ನನ್ನ ಅಂಗಡಿಯಲ್ಲಿ ಹೇಳಿ ನಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ತಂದಾಗ ಕೊಟ್ಟ ಕಾರಣವೂ ಅದೇ, ದುರುಪಯೋಗ ತಡೆಯಬೇಕು ಅಂತ. ಮಾಜಿ ಸೈನಿಕರ ಸಂಘಟನೆಗಳು ಜೋರಾಗಿಯೇ ವಿರೋಧ ಮಾಡಿದವು. ನನಗೆ ಅನಿಸುವುದು ಇಷ್ಟು: ಆಟ ಆಡುವವನಿಗೆ ಯಾವ ಕಾಲಂನಲ್ಲಿ ಏನು ಬರೆಸಬೇಕು ಅಂತ ಗೊತ್ತಿರುತ್ತದೆ. ಅವನ ಕಾಯಿಲೆಗೆ ಹೆಸರಿರುತ್ತದೆ, ರಿಪೋರ್ಟ್ ಇರುತ್ತದೆ. ನಿಯಮ ಬಿಗಿ ಮಾಡಿದಾಗ ಜರಡಿಯಲ್ಲಿ ಉಳಿದುಬಿಡುವವರು ಕಾಕಾನಂಥವರು.

ಕಾಕಾನಂಥವರು ಅಂದರೆ ಎಂಥವರು ಅಂತ ನೋಡಿ. 2024ರಲ್ಲಿ ಹೊಸ ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಿ ಅಂತ ಆದೇಶ ಬಂತು. ಪಕ್ಕದ ರಾಜ್ಯದ ಒಂದು ಆಸ್ಪತ್ರೆ. ರಾತ್ರಿ ರೈಲು ಹತ್ತಿಸಿಕೊಂಡು ಹೋದೆ. ಬುತ್ತಿಗೆ ಚಿಗವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಳು. ಬೆಳಗ್ಗೆ ಐದಕ್ಕೇ ಕಾಕಾ ಎದ್ದು, ಸ್ಟೇಷನ್ನಿನ ನಲ್ಲಿಯಲ್ಲಿ ತಣ್ಣೀರಲ್ಲಿ ಗಡ್ಡ ಹೆರೆದುಕೊಂಡರು. ನಡುಗುವ ಕೈಯಲ್ಲಿ. ಎರಡು ಕಡೆ ಕೊಯ್ದುಕೊಂಡರು. ಬೂಟಿಗೆ ಪಾಲಿಶ್. ನಾನು ದಾರಿಯುದ್ದಕ್ಕೂ ಹೇಳಿದ್ದೆ: ಏನೇನಾಗುತ್ತದೆ ಎಲ್ಲ ಹೇಳ್ರಿ, ಮುಚ್ಚಿಡಬ್ಯಾಡ್ರಿ, ಒಂದು ಚೀಟಿ ಬರೆದು ಕೊಟ್ಟೀನಿ, ಅದನ್ನ ತೋರಿಸ್ರಿ. ಹೂಂ ಹೂಂ ಅಂದಿದ್ದರು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಬ್ಬ ಡಾಕ್ಟರು, ಯೂನಿಫಾರ್ಮ್‌ನಲ್ಲಿ, ನನ್ನ ಮಗನ ವಯಸ್ಸು. ಕಾಕಾ ಒಳಗೆ ಕಾಲಿಟ್ಟವರೇ ಸೆಟೆದು ನಿಂತರು. ಹಿಮ್ಮಡಿ ಕೂಡಿದ ಸದ್ದು ಹೊರಗಿನವರೆಗೆ ಕೇಳಿತು.

"ಕ್ಯಾ ತಕ್ಲೀಫ್ ಹೈ, ಹವಾಲ್ದಾರ್ ಸಾಬ್?"

"ಠೀಕ್ ಹೂಂ ಸರ್."

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಚೀಟಿ ಅವರ ಜೇಬಿನಲ್ಲೇ ಇತ್ತು. ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಠೀಕ್ ಹೂಂ ಅನ್ನಲು ಕಲಿಸಿ, ಒಂದು ದಿನ ಕರೆದು ಏನು ತೊಂದರೆ ಅಂತ ಕೇಳಿದರೆ ಇನ್ನೇನು ಹೇಳುತ್ತಾರೆ? ಆ ಹುಡುಗ ಡಾಕ್ಟರು ಒಳ್ಳೆಯವರು. ಕಾಕಾನ ಕೈ ನೋಡಿದರು. ಕುರ್ಚಿ ಎಳೆದು ಕೂಡಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದು, ಮನೆಯಲ್ಲಿ ಜೊತೆಗಿರುವವರು ಯಾರು ಅಂತ ಕೇಳಿದರು. ಹೆಂಡತಿ ಅಂದೆ. ಅವರು ಏನಾದರೂ ಬರೆದಿಟ್ಟಿದ್ದಾರಾ ಅಂದರು. ಇಲ್ಲ ಅಂದೆ.

ವಾಪಸ್ ಬರುವ ರೈಲಿನಲ್ಲಿ ನನಗೆ ಆ ಅಮೆರಿಕದ ನಿಯಮ ನೆನಪಾಯಿತು. ಹೆಸರಿಲ್ಲದ ಕಾಯಿಲೆಗೆ ಅಲ್ಲಿ ಡಾಕ್ಟರ ಮಾತೊಂದೇ ಸಾಕ್ಷಿಯಲ್ಲ. ಕೆಲಸಕ್ಕೆ ಎಷ್ಟು ದಿನ ಹೋಗಲಿಲ್ಲ, ಮನೆಯವರು ಕಣ್ಣಾರೆ ಏನು ನೋಡಿದರು, ಇಂಥದ್ದನ್ನೂ ನೋಡಬೇಕು ಅಂತಿದೆ. ರಕ್ತ ಪರೀಕ್ಷೆಯಲ್ಲಿ ಕಾಣದ್ದು ಹೆಂಡತಿಗೆ ಕಾಣುತ್ತದಲ್ವಾ. ನಮ್ಮ ವಕೀಲರಿಗೆ ಫೋನ್ ಮಾಡಿ ಕೇಳಿದೆ. ಎಷ್ಟು ಬೆಲೆ ಕೊಡುತ್ತಾರೋ ಹೇಳಲಾಗದು, ಆದರೆ ಅಫಿಡವಿಟ್ ಜೊತೆ ಹಾಕೋಣ, ಇರಲಿ ಅಂದರು.

ಮರುದಿನ ಅಂಗಡಿಯಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ ಚಿಗವ್ವನ ಕೈಗೆ ಕೊಟ್ಟೆ. ಅವಳು ಏಳನೆಯ ಇಯತ್ತೆ ಓದಿದವಳು, ಅಕ್ಷರ ದುಂಡಗಿವೆ. ದಿನಾ ಏನು ನೋಡ್ತೀಯೋ ಬರೀ, ತಾರೀಖು ಹಾಕು, ಜಾಸ್ತಿ ಬೇಡ ಕಮ್ಮಿ ಬೇಡ ಅಂದೆ. ಮೊದಮೊದಲು ನಾಚಿಕೊಂಡಳು. ಗಂಡನ ಮೇಲೆ ಚಾಡಿ ಬರೆದಂತೆ ಅನಿಸುತ್ತಿತ್ತಂತೆ. ಕಾಕಾ ಬೇರೆ, ಏನು ಲೆಕ್ಕ ಬರೀಲಕತ್ತೀದಿ ಅಂತ ಕೇಳಿದರೆ, ಹಾಲಿನವನ ಲೆಕ್ಕ ಅನ್ನುತ್ತಿದ್ದಳು.

ಈಗ ಮೂರನೆಯ ನೋಟ್‌ಬುಕ್ ನಡೆದಿದೆ. ಬೋರ್ಡಿನ ವರದಿ ನ್ಯಾಯಮಂಡಳಿಗೆ ಹೋಗಿದೆಯಂತೆ, ನಮಗೆ ಪ್ರತಿ ಬಂದಿಲ್ಲ. ಮುಂದಿನ ತಾರೀಖು ಎರಡು ಸಲ ಮುಂದಕ್ಕೆ ಹೋಯಿತು. ನಾನು ತಿಂಗಳಿಗೊಮ್ಮೆ ಹೋಗಿ ಪುಟಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಕೊಂಡು ಬರುತ್ತೇನೆ. ಹೆಚ್ಚಿನವು ಒಂದೊಂದೇ ಸಾಲು. 'ಇವತ್ತ ಎರಡು ಸಲ ಚಾ ಕುಡದ್ರು, ಕುಡದದ್ದು ಮರತು ಮತ್ತ ಕೇಳಿದ್ರು.' 'ಅಂಗಾಲು ಉರಿ, ಹಸಿ ಬಟ್ಟಿ ಸುತ್ತಿದೆ.' 'ತೊಗರಿ ರಾಶಿ ಇತ್ತು, ಮಿಷಿನ್ ಸಪ್ಪಳಕ್ಕ ಹೊಲದಿಂದ ಎದ್ದು ಬಂದ್ರು.' 'ಇವತ್ತ ಆರಾಮ ಇದ್ರು. ಮೊಮ್ಮಗಳ ಕೂಡ ಆಡಿದ್ರು.' ಆರಾಮ ಇದ್ದ ದಿನವನ್ನೂ ಬಿಡದೆ ಬರೆದಿದ್ದಾಳೆ. ಅದನ್ನು ಬರೆಯಬೇಕಿಲ್ಲ ಅಂತ ನಾನು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಹೋದ ವಾರ ಸ್ಕ್ಯಾನ್ ಮಾಡಿದ ಪುಟದ ಕೊನೆಗೆ ಹೀಗಿತ್ತು: 'ರಾತ್ರಿ ಎರಡಕ್ಕ ಎದ್ರು. ಕಟ್ಟಿ ಮ್ಯಾಲ ಕುಂತ್ರು. ಯಾಕ ಅಂದೆ, ಏನಿಲ್ಲ ಅಂದ್ರು. ನಾನೂ ಕುಂತೆ. ನಾಲ್ಕಕ್ಕ ಕೈ ನಡುಗೋದು ನಿಂತಿತು. ಏನು ಬರೀತಿ ಅಂತ ನನಗ ಗೊತ್ತದ ಅಂದ್ರು.'